ಹೊದಿಕೆಯೊಳಗಿನ ತುಕ್ಕು

ಮುಂಬಯಿಯಲ್ಲಿ ಜೂನ್ ಬಂತೆಂದರೆ ಹಳೆಯ ಫಿಯೆಟ್ಟುಗಳು ಪ್ಲಾಸ್ಟಿಕ್ ತಾಡಪತ್ರಿಯೊಳಗೆ ಮಾಯವಾಗುತ್ತವೆ. ಕಾಳಜಿಯೇನೋ ಸರಿ. ಆದರೆ ಇದೇ ತಪ್ಪು ಮಾಡಿ ಇಂಗ್ಲೆಂಡಿನವರು ಪೆಟ್ಟು ತಿಂದಿದ್ದಾರೆ.

ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ. ಅದಕ್ಕೆ ಹೆದರಿ ಹಳೆಯ ಕಾರುಗಳನ್ನು ಗ್ಯಾರೇಜಿನಲ್ಲಿ ನಿಲ್ಲಿಸುವುದು ವಾಡಿಕೆ. ಒಂದು ಹನಿ ಮಳೆ ತಾಗದೆಯೂ ಅವು ತುಕ್ಕು ಹಿಡಿಯುತ್ತವೆ. ಯಾಕೆ?

1930ರ ದಶಕದಲ್ಲೇ ವರ್ನನ್ ಎಂಬ ಬ್ರಿಟಿಷ್ ವಿಜ್ಞಾನಿ ಉತ್ತರ ಕೊಟ್ಟಿದ್ದರು. ಕಲುಷಿತ ಗಾಳಿಯಲ್ಲಿ ತೇವಾಂಶ ಸುಮಾರು ಶೇ. 60 ದಾಟಿದರೆ ಸಾಕು, ತುಕ್ಕು ಒಮ್ಮೆಲೇ ವೇಗ ಪಡೆಯುತ್ತದೆ. ರಾತ್ರಿ ತಣ್ಣಗಾದ ತಗಡಿಗೆ ಬೆಚ್ಚನೆಯ ಗಾಳಿ ತಾಗಿದರೆ, ತಣ್ಣೀರಿನ ಲೋಟದ ಹಾಗೆ ಅದೂ ಬೆವರುತ್ತದೆ. ಪ್ಲಾಸ್ಟಿಕ್ ಹೊದಿಸಿದ್ದರೆ ಆ ನೀರು ಆರುವುದೇ ಇಲ್ಲ.

ಎರಡನೇ ಮಹಾಯುದ್ಧದ ನಂತರ ಅಪಾಯ ಹೆಚ್ಚಿತು. ಹಿಂದೆ ದಪ್ಪನೆಯ ಚಾಸಿ ಬೇರೆ, ಬಾಡಿ ಬೇರೆ ಇರುತ್ತಿತ್ತು. 1948ರ ಮಾರಿಸ್ ಮೈನರ್, 1953ರ ಫಿಯೆಟ್ 1100 ಕಾರುಗಳಲ್ಲಿ ತಗಡಿನ ಬಾಡಿಯೇ ಆಧಾರ. ಬಾಗಿಲ ಕೆಳಗಿನ ಟೊಳ್ಳು ಭಾಗ ಒಳಗಿಂದ ತಿಂದುಹೋದರೆ ಬೆನ್ನೆಲುಬೇ ಮುರಿದಂತೆ.

ಕುರ್ಲಾದ ಪ್ರೀಮಿಯರ್ ಪದ್ಮಿನಿ ಆ ಫಿಯೆಟ್ಟಿನ ವಂಶದ್ದೇ. ಮುಂಬಯಿಯಲ್ಲಿ ಟ್ಯಾಕ್ಸಿಯಾಗಿ ಅದರ ಓಟ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಮನೆಗಳಲ್ಲಿ ಉಳಿದಿರುವುದನ್ನಾದರೂ ಕಾಪಾಡೋಣ. ತಳ ತೊಳೆದು, ದೂರ ಓಡಿಸಿ ಒಣಗಿಸಿ. ನೀರಿಳಿಯುವ ತೂತುಗಳನ್ನು ಬಿಡಿಸಿ, ಟೊಳ್ಳುಗಳಿಗೆ ಮೇಣ ಹೊಡೆಸಿ. ಸೂರಿನಡಿ ನಿಲ್ಲಿಸಿ ಹತ್ತಿಬಟ್ಟೆ ಹೊದಿಸಿ.

ದಿನಾ ಐದು ನಿಮಿಷ ಎಂಜಿನ್ ಚಾಲೂ ಮಾಡುವ ಅಭ್ಯಾಸವೂ ಬೇಡ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ. ಸರಿಯಾಗಿ ಬಿಸಿಯಾಗದ ಸೈಲೆನ್ಸರಿನಲ್ಲಿ ಅದು ನಿಂತು ಒಳಗಿನಿಂದಲೇ ತಿನ್ನುತ್ತದೆ.

ಮೊದಲು ಆ ಪ್ಲಾಸ್ಟಿಕ್ ತೆಗೆಯಿರಿ.