ಮಾರ್ಗಶಿರದ ಪೇಟೆ

ಸಾಂಗಲಿ ಜಿಲ್ಲೆಯ ನಮ್ಮ ಜತ್ತಕ್ಕೆ ಪೇಟೆ ವರ್ಷಕ್ಕೊಮ್ಮೆ ಬರುತ್ತಿತ್ತು. ಊರಲ್ಲಿ ಅಂಗಡಿಗಳಿರಲಿಲ್ಲ ಎಂದಲ್ಲ, ವಾರದ ಸಂತೆಯೂ ಇತ್ತು. ಆದರೆ ಹೊಲಕ್ಕೆ ಎತ್ತು, ಮನೆಮಗಳಿಗೆ ಬಳೆ, ಕಣ್ಣಿಗೆ ತಮಾಷಾ, ಬಾಯಿಗೆ ಬತ್ತಾಸು ಒಂದೇ ಬಯಲಲ್ಲಿ ಸಿಗುವುದು ಯಲ್ಲಮ್ಮನ ಜಾತ್ರೆಯಲ್ಲಿ ಮಾತ್ರ. ಈ ತಾಲ್ಲೂಕಿನ ಮೂಡಣ ಭಾಗದ ಕನ್ನಡ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದವನು ನಾನು. ಜಾತ್ರೆ ಯಾವತ್ತು ಎಂದು ಪಂಚಾಂಗ ನೋಡಬೇಕಿರಲಿಲ್ಲ, ಹಾಜರಿ ಪುಸ್ತಕವೇ ಹೇಳುತ್ತಿತ್ತು.

ಮಾರ್ಗಶಿರವೇ ಯಾಕೆ? ಇದು ಹಿಂಗಾರಿ ಜೋಳದ ಸೀಮೆ. ಅಷ್ಟೊತ್ತಿಗೆ ಬಿತ್ತಿಗೆ ಮುಗಿದಿರುತ್ತದೆ, ಸುಗ್ಗಿ ಇನ್ನೂ ದೂರ, ಎತ್ತಿನ ಹೆಗಲು ಖಾಲಿ. ಎಳ್ಳಮಾವಾಸ್ಯೆ ಹತ್ತಿರದಲ್ಲೇ ಇರುತ್ತದೆ. ಈ ತಿಥಿಯನ್ನು ದೇವಿ ಆರಿಸಿದಳೋ ರೈತ ಆರಿಸಿದನೋ, ನನಗಂತೂ ರೈತನ ಮೇಲೇ ಅನುಮಾನ.

ದನದ ಬಯಲೇ ಜಾತ್ರೆಯ ಜೀವ. ಬಿಳಿ ಮೈಯ, ಉದ್ದ ಕೋಡಿನ ಖಿಲಾರಿಗಳ ಸಾಲು. ಕೊಳ್ಳುವವನು ಮೊದಲು ಬಾಯಿ ತೆರೆಸಿ ನೋಡುತ್ತಿದ್ದ: ಹಾಲಹಲ್ಲೋ, ಎರಡು ಹಲ್ಲೋ, ಬಾಯಿಗೂಡಿದ್ದೋ. ಆಮೇಲೆ ಸುಳಿ, ಗೊರಸು, ನಡಿಗೆ. ದರದ ಮಾತು ಬಾಯಲ್ಲಿ ಬರುವಂತಿಲ್ಲ. ದಲಾಲ ಟವಲ್ ಹೊದಿಸಿ ಅದರೊಳಗೆ ಕೈ ಹಿಡಿಯುತ್ತಿದ್ದ, ಬೆರಳು ಒತ್ತಿದಂತೆ ಲೆಕ್ಕ. ಸುತ್ತ ನಿಂತವರು ಇಬ್ಬರ ಮುಖ ನೋಡಿಯೇ ವ್ಯಾಪಾರ ಕುದುರಿತೋ ಇಲ್ಲವೋ ಎಂದು ಊಹಿಸಬೇಕು. ಮರಾಠಿಯವನಿಗೂ ಕನ್ನಡದವನಿಗೂ ಬೆರಳು ಒಂದೇ. ಎತ್ತು ಕೊಂಡವನು ಬರಿಗೈಲಿ ಮನೆಗೆ ಹೋಗುವುದಿಲ್ಲ. ಮೂಗುದಾಣ, ಮಗಡ, ಕೊರಳ ಗೆಜ್ಜೆ, ಕೋಡಣಸು, ಬಾರುಕೋಲು ಎಲ್ಲ ಪಕ್ಕದ ಸಾಲಿನಲ್ಲೇ ಇರುತ್ತಿದ್ದವು.

ಊಟ ಮಾತ್ರ ಕೊಂಡು ಉಣ್ಣುವಂಥದ್ದಾಗಿರಲಿಲ್ಲ. ಚಕ್ಕಡಿಯ ಕೆಳಗೆ ಕಂಬಳಿ ಹಾಸಿ ಬುತ್ತಿ ಬಿಚ್ಚುವುದು: ಕಟಕರೊಟ್ಟಿ, ಶೇಂಗಾ ಹಿಂಡಿ, ಜುಣಕ, ಉಳ್ಳಾಗಡ್ಡಿ. ಕಾಸು ಬಿಚ್ಚುತ್ತಿದ್ದುದು ಚಹಾಕ್ಕೆ, ಮಿರ್ಚಿ ಭಜಿಗೆ, ಮನೆಗೆ ಒಯ್ಯುವ ಫಳಾರಕ್ಕೆ. ಚುರಮುರಿ, ಬೆಂಡು, ಬತ್ತಾಸು ಒಯ್ಯದೆ ಮನೆ ಹೊಕ್ಕವನಿಗೆ ಮಕ್ಕಳು ಮರ್ಯಾದೆ ಕೊಡುತ್ತಿರಲಿಲ್ಲ.

ಜಾತ್ರೆ ನೆರೆಯುವ ಈ ಊರನ್ನು ಆಳಿದವರು ಡಫಳೆ ಮನೆತನ. ಡಫಳಾಪುರದ ಪಾಟೀಲಕಿಯಿಂದ ಅವರಿಗೆ ಆ ಹೆಸರು ಬಂತು, ವಿಜಯಪುರದ ಆದಿಲಶಾಹಿಯ ಕಾಲದಲ್ಲಿ ದೇಶಮುಖರಾಗಿ ಬೆಳೆದರು. ಬ್ರಿಟಿಷರು ಈ ಸಂಸ್ಥಾನವನ್ನು ಬಹುಕಾಲ ವಿಜಯಪುರದ ಏಜೆನ್ಸಿಗೇ ಸೇರಿಸಿಟ್ಟಿದ್ದರು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆ, 1960ರಲ್ಲಿ ಅದಕ್ಕೇ ಸಾಂಗಲಿ ಎಂಬ ಹೆಸರು. ನಡುವೆ 1956ರಲ್ಲಿ ವಿಜಯಪುರ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಈಚೆ ಉಳಿದೆವು. ಗಡಿಯ ಬಗೆಗಿನ 1967ರ ಮಹಾಜನ ವರದಿ ನಮ್ಮ ತಾಲ್ಲೂಕಿನ ಒಂದು ಭಾಗವನ್ನು ಆಚೆಗೆ ಕೊಡಬೇಕೆಂದಿತು, ಅದು ಕಾಗದದಲ್ಲೇ ಇದೆ. ಇಷ್ಟೆಲ್ಲ ನಡೆದರೂ ಮೂಡಣದ ಸಂಖ, ಉಮದಿ ಕಡೆಯವರು ಕೋರ್ಟು ಕಚೇರಿಗೆ ಸಾಂಗಲಿಗೆ, ಮದುವೆ ಜವಳಿಗೆ ವಿಜಯಪುರಕ್ಕೆ ಹೋಗುವುದು ತಪ್ಪಲಿಲ್ಲ. ಹತ್ತಿರದ ಊರನ್ನು ಬಿಟ್ಟು ದೂರದ ಊರಿನಲ್ಲಿ ಯಾರಾದರೂ ಸೀರೆ ಕೊಳ್ಳುತ್ತಾರೆಯೇ? ರೈಲಂತೂ ನಮಗೆ ದಕ್ಕಲಿಲ್ಲ. 1927ರಲ್ಲಿ ಪಂಢರಪುರದಿಂದ ಮೀರಜಿಗೆ ಬಾರ್ಶಿ ಲೈಟ್ ರೈಲ್ವೆಯ ಸಣ್ಣ ಗಾಡಿ ಬಂದಾಗ ‘ಜತ್ ರೋಡ್’ ಎಂಬ ಸ್ಟೇಷನ್ನು ಸಿಕ್ಕಿತು. ಹೆಸರು ನಮ್ಮದು, ಊರು ಮಾತ್ರ ಅಲ್ಲಿಂದ ಬಹಳ ದೂರ.

ಯಲ್ಲಮ್ಮನ ಜಾತ್ರೆಗೆ ಮುಂಚೆ, ಛಟ್ಟಿ ಅಮಾವಾಸ್ಯೆಗೆ, ಗುಡ್ಡಾಪುರದ ದಾನಮ್ಮನ ಜಾತ್ರೆ. ಉಮರಾಣಿಯಲ್ಲಿ ಲಿಂಗಮ್ಮನಾಗಿ ಹುಟ್ಟಿದವಳನ್ನು ದಾನಮ್ಮನೆಂದು ಕರೆದದ್ದು ಬಸವಣ್ಣ ಎನ್ನುತ್ತದೆ ಶರಣರ ಪರಂಪರೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ಜನ ಬರಿಗಾಲಲ್ಲಿ ನಡೆದುಬರುತ್ತಾರೆ, ದಾರಿಯುದ್ದಕ್ಕೂ ಅನ್ನ ಇಟ್ಟುಕೊಂಡು ಕರೆಯುವವರಿರುತ್ತಾರೆ. ಅಲ್ಲಿ ದುಡ್ಡಿನ ಹೋಟೆಲಿಗಿಂತ ದಾಸೋಹದ ಪಂಕ್ತಿಯೇ ದೊಡ್ಡದು. ಅದೇ ಉಮರಾಣಿಯಲ್ಲಿ 1673ರಲ್ಲಿ ಮರಾಠಾ ಸೇನಾಪತಿ ಪ್ರತಾಪರಾವ್ ಗುಜರ ಆದಿಲಶಾಹಿಯ ಬಹಲೋಲಖಾನನನ್ನು ಮಣಿಸಿದ್ದು ನೀರಿನ ದಾರಿ ಕಟ್ಟಿಹಾಕಿ. ನಮ್ಮ ಕಡೆ ನೀರಿಗಿಂತ ದೊಡ್ಡ ಆಯುಧ ಆಗಲೂ ಇರಲಿಲ್ಲ, ಈಗಲೂ ಇಲ್ಲ. 2022ರಲ್ಲಿ ಗಡಿಯ ಮಾತು ಮತ್ತೆ ಎದ್ದಾಗ ಪತ್ರಿಕೆಗಳು ಭಾಷೆ ಎಂದು ಬರೆದವು. ನಮ್ಮೂರ ಕಟ್ಟೆಯ ಮೇಲೆ ನಡೆದದ್ದು ಮೈಸಾಳ ಯೋಜನೆಯ ನೀರು ಮೂಡಣ ಹಳ್ಳಿಗಳಿಗೆ ಯಾವಾಗ ಎಂಬ ಚರ್ಚೆ.

ಈ ನೀರಿಲ್ಲದ ಗುಡ್ಡವೇ ಮಾಡಗ್ಯಾಳದ ಕುರಿಯನ್ನು ಬೆಳೆಸಿತು. ಎತ್ತರದ ಕಾಲು, ಬಿಳಿ ಮೈಮೇಲೆ ಕಂದು ಮಚ್ಚೆ, ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು. ಕುರುಚಲು ಮೇಯುತ್ತ ಮೈಲಿಗಟ್ಟಲೆ ನಡೆಯುತ್ತದೆ, ಬರದಲ್ಲೂ ಬದುಕುತ್ತದೆ. ಈಗ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ, ಟವಲ್ ಕೆಳಗಿನ ಬೆರಳು ಅಪರೂಪವಾಗಿದೆ. ದ್ರಾಕ್ಷಿ, ದಾಳಿಂಬೆ ಬಂದಿವೆ, ಒಣದ್ರಾಕ್ಷಿಯ ಶೆಡ್ಡುಗಳೂ ಎದ್ದಿವೆ. ಕುರಿಯ ದರವೋ, ಮೂಗು ಬಾಗಿದಷ್ಟೂ ಏರುತ್ತದೆ. ತೂಕ ಕೇಳಿದ ಗಿರಾಕಿಗೆ ನಮ್ಮ ಕಡೆಯ ಮುದುಕರ ಉತ್ತರ ಒಂದೇ: “ತೂಕ ಆಮ್ಯಾಲ ಕೇಳ್ರಿ ಸಾಹೇಬ್ರ, ಮೊದ್ಲ ಮೂಗ ನೋಡ್ರಿ.”