ಚಿಕ್ಕ ಕಾರಿನಲ್ಲಿ ಮೋಟಾರ್‌ಸೈಕಲ್ ಗೇರು: ಘಾಟಿಯೇ ಒರೆಗಲ್ಲು

ಕುಂದಾಪುರದಿಂದ ಪೂರ್ವಕ್ಕೆ ಹೊರಟ ರಸ್ತೆ ಸಿದ್ದಾಪುರ ದಾಟಿ ಹೊಸಂಗಡಿ ತಲುಪುವವರೆಗೆ ವಾಹನಗಳನ್ನು ಹೆಚ್ಚು ಸತಾಯಿಸುವುದಿಲ್ಲ. ಅಲ್ಲಿಂದ ಮುಂದೆ ಬಾಳೆಬರೆ ಘಾಟಿ. ಹುಲಿಕಲ್ ಕಡೆಗೆ ಏರುವ ಈ ತಿರುವುಗಳಲ್ಲಿ ಎಂಜಿನ್ನಿನಷ್ಟೇ ಕಠಿಣ ಪರೀಕ್ಷೆಗೆ ಒಳಗಾಗುವುದು ಗೇರ್‌ಬಾಕ್ಸ್. ಏರುವಾಗ ಎರಡನೆಯ ಗೇರು ಸಾಲದೆ ಮೊದಲನೆಯದಕ್ಕೆ ಬರಬೇಕಾಗುತ್ತದೆ. ಇಳಿಯುವಾಗ ಬ್ರೇಕು ಕಾದು ಸೋಲದಂತೆ ಅದೇ ಗೇರು ಗಾಡಿಯನ್ನು ಹಿಡಿದಿಡಬೇಕಾಗುತ್ತದೆ. ಬಿಡಿಭಾಗ ಸಿಗದ ಹಳೆಯ ಚಿಕ್ಕ ಕಾರುಗಳ ಗೇರ್‌ಬಾಕ್ಸಿನಲ್ಲಿ ಮೋಟಾರ್‌ಸೈಕಲ್ ಗೇರುಗಳನ್ನು ಕೂರಿಸುವ ವಿಚಾರವನ್ನು ತೂಗಿ ನೋಡಲು ಇಂಥ ದಾರಿಗಿಂತ ಒಳ್ಳೆಯ ಒರೆಗಲ್ಲು ಸಿಗಲಾರದು.

ವಿಚಾರವೇನೂ ಹೊಸದಲ್ಲ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಇಂಗ್ಲೆಂಡಿನ ಚಾರ್ಲ್ಸ್ ಕೂಪರ್ ಮತ್ತು ಅವರ ಮಗ ಜಾನ್ ಕೂಪರ್ ಎರಡು ಫಿಯೆಟ್ ಟೊಪೊಲಿನೊ ಕಾರುಗಳ ಮುಂಭಾಗಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸಿದರು. ಅದಕ್ಕೆ 500 ಸಿಸಿಯ ಜೆಎಪಿ ಮೋಟಾರ್‌ಸೈಕಲ್ ಎಂಜಿನ್ನನ್ನೂ ಟ್ರಯಂಫ್ ಮೋಟಾರ್‌ಸೈಕಲ್ಲಿನ ಗೇರ್‌ಬಾಕ್ಸನ್ನೂ ಕೂರಿಸಿ ರೇಸಿಗೆ ಇಳಿದರು. ಕೂಪರ್ ರೇಸ್ ಕಾರುಗಳ ಹೆಸರು ಬೆಳೆದದ್ದು ಅಲ್ಲಿಂದ.

ಕರ್ನಾಟಕದಲ್ಲೂ ಇದರ ಸಮೀಪದ ಉದಾಹರಣೆಯೊಂದು ಇದೆ. ಬೆಂಗಳೂರಿನ ಸನ್‌ರೈಸ್ ಆಟೋಮೋಟಿವ್ ಇಂಡಸ್ಟ್ರೀಸ್, ಅಂದರೆ ಮುಂದೆ ಸಿಪಾನಿ ಆಟೋಮೊಬೈಲ್ಸ್ ಎಂದು ಹೆಸರಾದ ಕಂಪನಿ, 1970ರ ದಶಕದಲ್ಲಿ ‘ಬಾದಲ್’ ಎಂಬ ಮೂರು ಚಕ್ರದ ಕಾರನ್ನು ಹೊರತಂದಿತು. ಫೈಬರ್‌ಗ್ಲಾಸ್ ಮೈ, ಹಿಂಬದಿಯಲ್ಲಿ 198 ಸಿಸಿಯ ಎಂಜಿನ್. ಮೋಟಾರ್‌ಸೈಕಲ್ಲಿಗೆ ಒಪ್ಪುವ ಗಾತ್ರದ ಯಂತ್ರದಿಂದ ಒಂದು ಸಂಸಾರವನ್ನು ಹೊರಿಸುವ ಈ ಪ್ರಯತ್ನಕ್ಕೆ ಜನರ ಬೆಂಬಲ ಸಾಲದೆ ಹೋಯಿತು. 1980ರ ದಶಕದಲ್ಲಿ ಅದೇ ಕಂಪನಿ ರಿಲಯಂಟ್ ಕಿಟನ್ ಆಧಾರಿತ 848 ಸಿಸಿಯ ‘ಡಾಲ್ಫಿನ್’ಗೆ, ಎಂದರೆ ನಿಜವಾದ ಕಾರಿನ ಎಂಜಿನ್ನಿಗೆ, ಬದಲಾಯಿಸಿಕೊಂಡಿತು.

ಒಳಗಿನ ವ್ಯತ್ಯಾಸ

ಹೊರನೋಟಕ್ಕೆ ಎರಡೂ ಹಲ್ಲಿನ ಚಕ್ರಗಳೇ. ಆದರೆ ಬಹುತೇಕ ಕಾರುಗಳ ಗೇರಿಗೆ ಓರೆ ಹಲ್ಲು. ಗೇರು ಜಾಗ ಬಿಟ್ಟು ಕದಲುವುದಿಲ್ಲ. ಪಕ್ಕದ ತೋಳು ಸರಿದು ಅದನ್ನು ಶಾಫ್ಟಿಗೆ ಬಂಧಿಸುತ್ತದೆ. ಬಂಧಿಸುವ ಮುನ್ನ ಎರಡರ ವೇಗವನ್ನೂ ಸಮ ಮಾಡುವುದು ಸಿಂಕ್ರೊಮೆಶ್ ಎಂಬ ಹಿತ್ತಾಳೆ ಉಂಗುರ. ಮೋಟಾರ್‌ಸೈಕಲ್ಲಿನಲ್ಲಿ ಈ ಉಪಚಾರವಿಲ್ಲ. ಅಲ್ಲಿ ಗೇರೇ ಶಾಫ್ಟಿನ ಮೇಲೆ ಸರಿಯುತ್ತದೆ. ಅದರ ಬದಿಯಲ್ಲಿರುವ ದಪ್ಪ ಮೂತಿಗಳು, ಮೆಕ್ಯಾನಿಕ್‌ಗಳ ಮಾತಿನಲ್ಲಿ ‘ಡಾಗ್’ಗಳು, ಪಕ್ಕದ ಗೇರಿನ ಸಂದಿಗೆ ಹೊಕ್ಕು ಕಚ್ಚಿಕೊಳ್ಳುತ್ತವೆ. ಹಲ್ಲು ಕೂಡಿರುವಂತೆಯೇ ಗೇರು ಸರಿಯಬೇಕಾದ್ದರಿಂದ ಹಲ್ಲು ನೇರವಾಗಿರಬೇಕು. ಹೀಗೆ ನೇರ ಹಲ್ಲಿನ ಗೇರನ್ನು ಕಾರಿಗೆ ಹಾಕಿದರೆ ಅದು ಓರೆ ಹಲ್ಲಿಗಿಂತ ಗಟ್ಟಿಯಾಗಿ ಊಳಿಡುತ್ತದೆ.

ಎಲ್ಲ ಹಳೆಯ ಕಾರಿಗೂ ಸಿಂಕ್ರೊಮೆಶ್ ಇತ್ತೆಂದಲ್ಲ. 1957ರಿಂದ 1975ರವರೆಗೆ ಇಟಲಿಯಲ್ಲಿ ತಯಾರಾದ ಫಿಯೆಟ್ 500 ಕೊನೆಯವರೆಗೂ ಅದಿಲ್ಲದೆಯೇ ನಡೆಯಿತು. ಅದರ ಎರಡು, ಮೂರು ಮತ್ತು ನಾಲ್ಕನೆಯ ಗೇರುಗಳು ಡಾಗ್‌ಗಳಿಂದಲೇ ಕಚ್ಚುತ್ತಿದ್ದವು. ನಮ್ಮ ಪ್ರೀಮಿಯರ್ ಪದ್ಮಿನಿಯ ಮೊದಲ ಗೇರಿಗೂ ಸಿಂಕ್ರೊಮೆಶ್ ಇರಲಿಲ್ಲ. ಹಳೆಯ ಚಾಲಕರು ‘ಡಬಲ್ ಕ್ಲಚ್’ ಹೊಡೆಯುತ್ತಿದ್ದುದು ಚಟಕ್ಕಲ್ಲ. ಇಂಥ ಪೆಟ್ಟಿಗೆಗೆ ಮೋಟಾರ್‌ಸೈಕಲ್ ಗೇರಿನ ತತ್ವ ಪರಕೀಯವೇನಲ್ಲ. ತೊಡಕಿರುವುದು ಅಳತೆಯಲ್ಲಿ.

ಹೊಂದುವುದೇ ಕಷ್ಟ

ಎರಡು ಗೇರುಗಳು ಕೂಡಬೇಕಾದರೆ ಹಲ್ಲಿನ ಗಾತ್ರ ಒಂದೇ ಇರಬೇಕು. ಶಾಫ್ಟುಗಳ ನಡುವಿನ ಅಂತರವೂ ಕೂಡಿಬರಬೇಕು. ಈ ಅಂತರದ ಲೆಕ್ಕ ಸರಳ: ಎರಡೂ ಗೇರುಗಳ ಹಲ್ಲುಗಳ ಮೊತ್ತವನ್ನು ಮಾಡ್ಯೂಲಿನಿಂದ ಗುಣಿಸಿ ಎರಡರಿಂದ ಭಾಗಿಸಬೇಕು. ಮಾಡ್ಯೂಲ್ 2.5 ಇದ್ದು ಒಟ್ಟು 40 ಹಲ್ಲುಗಳಿದ್ದರೆ ಅಂತರ 50 ಮಿ.ಮೀ. ಮಾಡ್ಯೂಲ್ 2.25 ಆದರೆ ಅದೇ 40 ಹಲ್ಲಿಗೆ 45 ಮಿ.ಮೀ. ಕಾರಿನ ಪೆಟ್ಟಿಗೆಯ ಬೇರಿಂಗ್ ರಂಧ್ರಗಳು ಕಾರ್ಖಾನೆಯಲ್ಲೇ ನಿಗದಿಯಾಗಿರುವುದರಿಂದ ಗುಜರಿಯಲ್ಲಿ ಸಿಕ್ಕ ಗೇರು ತಾನಾಗಿ ಹೊಂದುವುದು ಅಪರೂಪ. ಹೊಂದಿಸಲು ಹೊಸ ಶಾಫ್ಟು ಕಡೆಯಿಸಬೇಕು, ಇಲ್ಲವೇ ಪೆಟ್ಟಿಗೆಯನ್ನೇ ಹೊಸದಾಗಿ ಕೊರೆಯಬೇಕು. ಹಾಗಾಗಿ ಬಿಡಿ ಗೇರಿಗಿಂತ ಇಡೀ ಜೋಡಿಯನ್ನು, ಶಾಫ್ಟು ಸಮೇತ, ತರುವುದೇ ಜಾಣತನ.

ಬಲದ ಲೆಕ್ಕದಲ್ಲಿ ಮೋಟಾರ್‌ಸೈಕಲ್ ಗೇರು ಕಾಣುವಷ್ಟು ದುರ್ಬಲವಲ್ಲ. ಬೈಕಿನಲ್ಲಿ ಎಂಜಿನ್ನಿನ ವೇಗ ಗೇರ್‌ಬಾಕ್ಸ್ ಸೇರುವ ಮೊದಲೇ ಒಮ್ಮೆ ತಗ್ಗಿ, ತಿರುಗುಬಲ ಹೆಚ್ಚಿರುತ್ತದೆ. ಕಾರಿನಲ್ಲಿ ಅದು ನೇರವಾಗಿ ಬರುತ್ತದೆ. ಆದರೆ ಸುಮಾರು 500 ಕೆ.ಜಿ.ಯ ಕಾರಿಗೆ ನಾಲ್ವರು ಹತ್ತಿದರೆ, ಕೆಳ ಗೇರುಗಳು ಪೂರ್ತಿ ಹೊರೆಯಲ್ಲಿ ದುಡಿಯುವ ಹೊತ್ತು ಬೈಕಿನಲ್ಲಿಗಿಂತ ಬಹುಪಾಲು ಹೆಚ್ಚು. ಕಾರಿನ ದೊಡ್ಡ ಕ್ಲಚ್ ಪ್ಲೇಟು ತಿರುಗುತ್ತಿರುವಾಗ ಕಚ್ಚಿಸಿದರೆ ಡಾಗ್‌ಗಳಿಗೆ ಬೀಳುವ ಪೆಟ್ಟೂ ಜೋರು.

ಇನ್ನೊಂದು ಅನುಪಾತದ ಪ್ರಶ್ನೆ. ಫಿಯೆಟ್ 500ರ ಮೊದಲ ಗೇರು 3.70, ನಾಲ್ಕನೆಯದು 0.875, ಎರಡರ ನಡುವೆ ನಾಲ್ಕುಪಟ್ಟಿಗೂ ಮಿಕ್ಕ ಅಂತರ. ಬೈಕುಗಳಲ್ಲಿ ಇದು ಸಾಮಾನ್ಯವಾಗಿ ಮೂರರ ಆಸುಪಾಸು. ಹಾಗಾಗಿ ಬೈಕಿನ ಗೇರುಗಳನ್ನು ಪೂರ್ತಿಯಾಗಿ ಅಳವಡಿಸಿದರೆ, ಘಾಟಿ ಹತ್ತುವಂತೆ ಹೊಂದಿಸಿದಾಗ ಬಯಲಿನಲ್ಲಿ ಎಂಜಿನ್ ಕಿರುಚುತ್ತದೆ. ಬಯಲಿಗೆ ಹೊಂದಿಸಿದರೆ ಬಾಳೆಬರೆಯಲ್ಲಿ ಕ್ಲಚ್ ಸುಟ್ಟ ವಾಸನೆ ಬರುತ್ತದೆ. ರೇಸ್ ಟ್ರ್ಯಾಕಿನವರಿಗೆ ಇದು ತೊಂದರೆಯಲ್ಲ, ಅವರಿಗೆ ಏರು ಹತ್ತುವ ಚಿಂತೆಯಿಲ್ಲ.

ರಿವರ್ಸ್ ಗೇರಿನ ಕೊರತೆ ಎಲ್ಲರಿಗೂ ಗೊತ್ತಿರುವುದೇ. ಆಟೋರಿಕ್ಷಾ ತಯಾರಕರು ಬೇರೆಯೇ ಸನ್ನೆ ಇಟ್ಟು ಅದನ್ನು ಬಗೆಹರಿಸಿದರು.

ಇಳಿಜಾರಿನ ಅಪಾಯ

ಡಾಗ್‌ಗಳ ಅಂಚು ಸವೆದು ದುಂಡಾದಾಗ ಗೇರು ತಾನಾಗಿ ಕಳಚಿಕೊಳ್ಳುತ್ತದೆ. ಒಳ್ಳೆಯ ಮೋಟಾರ್‌ಸೈಕಲ್ ಗೇರಿನಲ್ಲಿ ಡಾಗ್‌ಗಳ ಬದಿಯನ್ನು ತುಸು ಒಳಮುಖವಾಗಿ ಕಡೆದಿರುವುದು ಇದನ್ನು ತಡೆಯಲೆಂದೇ. ಹೊರೆ ಬಿದ್ದಷ್ಟೂ ಅವು ಒಂದನ್ನೊಂದು ಎಳೆದುಕೊಳ್ಳುತ್ತವೆ. ಆದರೆ ಎಂಜಿನ್ ಗಾಡಿಯನ್ನು ಎಳೆಯುವಾಗ ದುಡಿಯುವುದು ಡಾಗ್‌ನ ಒಂದು ಬದಿ, ಗಾಡಿ ಎಂಜಿನ್ನನ್ನು ನೂಕುವಾಗ ಇನ್ನೊಂದು. ಏರುವಾಗ ಸರಿಯಾಗಿದ್ದ ಗೇರು ಇಳಿಯುವಾಗ ಕಳಚುವುದು ಈ ಕಾರಣಕ್ಕೆ. ಕಳಚಿದೊಡನೆ ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಹಳೆಯ ಚಿಕ್ಕ ಕಾರಿನಲ್ಲಿ ಆ ಬ್ರೇಕು ಡ್ರಮ್ಮಿನದು. ಗೇರನ್ನು ಮತ್ತೆ ಹಾಕೋಣವೆಂದರೆ ಸಿಂಕ್ರೊಮೆಶ್ ಇಲ್ಲ, ವೇಗ ಏರುತ್ತಿರುತ್ತದೆ.

ಕಾನೂನಿನ ಮಿತಿಯೂ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ನೀಡಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿದೆ. ಗೇರಿನ ಹಲ್ಲುಗಳ ಸಂಖ್ಯೆ ನೋಂದಣಿ ಪತ್ರದಲ್ಲಿ ಇರುವುದಿಲ್ಲ ನಿಜ. ಬೈಕಿನ ಎಂಜಿನ್ನೂ ಜೊತೆಗೆ ಬಂದರೆ ಮಾತು ಬೇರೆ. 2021ರ ವಿಂಟೇಜ್ ನಿಯಮಗಳ ಅಡಿ 50 ವರ್ಷ ಮೀರಿದ ಕಾರನ್ನು ನೋಂದಾಯಿಸಬಯಸುವವರಂತೂ ಅದನ್ನು ಮೂಲರೂಪದಲ್ಲೇ ಉಳಿಸಿಕೊಂಡಿರಬೇಕು.

ಇಷ್ಟಾದ ಮೇಲೂ ಜೋಡಣೆಗೆ ಇಳಿಯುವವರು ಕಾರನ್ನು ಘಾಟಿಗೆ ಒಯ್ಯುವ ಮುನ್ನ ಸಣ್ಣ ಇಳಿಜಾರಿನಲ್ಲಿ ಪ್ರತಿ ಗೇರನ್ನೂ ಹಾಕಿ, ಆಕ್ಸಿಲರೇಟರ್ ಪೂರ್ತಿ ಬಿಟ್ಟು ನೋಡಬೇಕು. ಸನ್ನೆ ಕೈಯೊಳಗೆ ತುಸುವಾದರೂ ತಳ್ಳಿಕೊಂಡು ಬಂದರೆ ಪೆಟ್ಟಿಗೆಯನ್ನು ಮತ್ತೆ ಬಿಚ್ಚಬೇಕು.