ಸಾಂತಾ ಕ್ರೂಜ್ ಬೆಟ್ಟಗಳ ಕೆಂಪು ವೈನ್: ಒಬ್ಬ ವೈದ್ಯನ ಓದು

ಕೂಪರ್ಟಿನೋ, ಸಾರಟೋಗಾ, ಲಾಸ್ ಗ್ಯಾಟೋಸ್‌ಗಳಲ್ಲಿ ನೆಲೆಸಿರುವ ನಮಗೆ ಪಶ್ಚಿಮಕ್ಕೆ ದಿನವೂ ಕಾಣುವುದು ಸಾಂತಾ ಕ್ರೂಜ್ ಬೆಟ್ಟಸಾಲು. ಈ ಕಣಿವೆಯ ಚಿಪ್ಪು, ಸಾಫ್ಟ್‌ವೇರುಗಳ ಚರಿತ್ರೆ ನಮ್ಮ ಮಕ್ಕಳಿಗೂ ಗೊತ್ತು. ಆದರೆ ಬೆಟ್ಟದ ಮೇಲೆ ಅದಕ್ಕಿಂತ ಹಳೆಯದೊಂದು ಚರಿತ್ರೆಯಿದೆ, ಅದು ಕೆಂಪು ವೈನಿನದು. ನಾನು ಅದರ ಬೆನ್ನು ಹತ್ತಲು ಕಾರಣ ಒಂದು ಪ್ರಶ್ನೆ. "ಡಾಕ್ಟ್ರೇ, ಕೆಂಪು ವೈನ್ ಹೃದಯಕ್ಕೆ ಒಳ್ಳೆಯದಂತೆ, ಹೌದೇ?" ಎಂದು ವೃತ್ತಿಯಲ್ಲಿದ್ದಾಗಲೂ ಕೇಳುತ್ತಿದ್ದರು, ನಿವೃತ್ತನಾದ ಮೇಲೆ ಸಂಘದ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ.

ವೈದ್ಯರ ಬೆಟ್ಟ

ಈ ಚರಿತ್ರೆಯ ಮೊದಲಲ್ಲೇ ಒಬ್ಬ ವೈದ್ಯರಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದ ಇಟಾಲಿಯನ್ ಸಮುದಾಯದಲ್ಲಿ ಗಣ್ಯರಾಗಿದ್ದ ಡಾ. ಒಸಿಯಾ ಪೆರೋನೆ 1885ರಲ್ಲಿ ಮೊಂಟೆ ಬೆಲ್ಲೊ ದಿಣ್ಣೆಯ ನೆತ್ತಿಯ ಬಳಿ 180 ಎಕರೆ ಕೊಂಡರು. ಬಳ್ಳಿ ನೆಟ್ಟು, ರೆಡ್‌ವುಡ್ ಮರ ಹಾಗೂ ಅಲ್ಲಿಯದೇ ಸುಣ್ಣಕಲ್ಲಿನಿಂದ ವೈನರಿ ಕಟ್ಟಿಸಿ, 1892ರಲ್ಲಿ ಮೊದಲ ವೈನ್ ತೆಗೆದರು. ಅದೇ ಕಾಲದಲ್ಲಿ ಎಮೆಟ್ ರಿಕ್ಸ್‌ಫರ್ಡ್ ಎಂಬ ವಕೀಲರು ವುಡ್‌ಸೈಡಿನಲ್ಲಿ ಲಾ ಕ್ವೆಸ್ಟಾ ತೋಟ ಮಾಡಿದರು. ಫ್ರಾನ್ಸಿನಿಂದ ಬಂದ ಪಾಲ್ ಮ್ಯಾಸನ್ ಸಾರಟೋಗಾದ ಮೇಲೆ ಬೇರೂರಿದರು. ಇಂದು ನಾವು ಸಂಗೀತ ಕಛೇರಿಗೆಂದು ಹೋಗುವ ಮೌಂಟನ್ ವೈನರಿ ಅವರದೇ ಜಾಗ.

ಬೆಟ್ಟವೇ ಏಕೆ? ಶಾಂತ ಸಾಗರದ ಮಂಜು ಕೆಳಗೆ ಕವಿದಿರುವಾಗ ಎತ್ತರದ ತೋಟಗಳಿಗೆ ಬಿಸಿಲು ಸಿಗುತ್ತದೆ. ಆದರೂ ಕಡಲಗಾಳಿಯಿಂದ ಸೆಕೆ ಏರುವುದಿಲ್ಲ, ಹಣ್ಣು ನಿಧಾನವಾಗಿ ಮಾಗಿ ಹುಳಿಯನ್ನು ಉಳಿಸಿಕೊಳ್ಳುತ್ತದೆ. ಬಡಮಣ್ಣಿನಲ್ಲಿ ಇಳುವರಿ ಕಡಿಮೆ, ಕಾಳು ಚಿಕ್ಕದು. ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು. ಕೆಂಪು ವೈನಿನ ಬಣ್ಣವೂ ಟ್ಯಾನಿನ್ ಎಂಬ ಒಗರೂ ಬಹುಮಟ್ಟಿಗೆ ಸಿಪ್ಪೆಯಿಂದಲೇ ಬರುತ್ತವೆ. ಹಾಗಾಗಿ ಇಲ್ಲಿನ ಕ್ಯಾಬರ್ನೆ ಸಾವಿನ್ಯೋಂ ಎಳೆಯದಾಗಿದ್ದಾಗ ಒರಟು, ವರ್ಷ ಕಳೆದಂತೆ ಮೃದು.

ಪಾನನಿಷೇಧ ಮತ್ತು ಔಷಧದ ಚೀಟಿ

1920ರ ಜನವರಿಯಲ್ಲಿ ದೇಶದಾದ್ಯಂತ ಪಾನನಿಷೇಧ ಬಂತು. ಬೆಟ್ಟದ ಅನೇಕ ತೋಟಗಳು ಹಾಳುಬಿದ್ದವು. ಇಲ್ಲೊಂದು ವಿಚಿತ್ರ ನಡೆಯಿತು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1917ರಲ್ಲೇ ಮದ್ಯಕ್ಕೆ ಚಿಕಿತ್ಸಾ ಗುಣವಿಲ್ಲವೆಂದು ನಿರ್ಣಯಿಸಿತ್ತು. ಆದರೆ ನಿಷೇಧ ಬಂದ ಮೇಲೆ ವೈದ್ಯರು ಬರೆದ ಚೀಟಿಗೆ ಔಷಧದಂಗಡಿಯಲ್ಲಿ ಮದ್ಯ ಸಿಗತೊಡಗಿತು! ಪಾಲ್ ಮ್ಯಾಸನ್ ಸಹ 'ಔಷಧೀಯ' ಶಾಂಪೇನ್ ತಯಾರಿಸಲು ಪರವಾನಗಿ ಪಡೆದಿದ್ದರು. ಮದ್ಯವನ್ನು ಮದ್ದೆಂದು ಕರೆಯುವ ಆಸೆ ಹೊಸದೇನಲ್ಲ. 1933ರಲ್ಲಿ ನಿಷೇಧ ಹೋದರೂ ಬೆಟ್ಟ ಚೇತರಿಸಿಕೊಳ್ಳಲು ದಶಕಗಳೇ ಬೇಕಾದವು.

ಎಂಜಿನಿಯರುಗಳ ಕೈಗೆ

1940ರ ದಶಕದಲ್ಲಿ ವಿಲಿಯಂ ಶಾರ್ಟ್ ಎಂಬ ಧರ್ಮಶಾಸ್ತ್ರಜ್ಞರು ಪೆರೋನೆ ಜಮೀನಿನ ಕೆಳಗಿದ್ದ ಪಾಳು ತೋಟ ಕೊಂಡು ಮತ್ತೆ ಕ್ಯಾಬರ್ನೆ ನೆಟ್ಟರು. 1959ರಲ್ಲಿ ಅದು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಎಂಜಿನಿಯರ್ ಡೇವ್ ಬೆನಿಯನ್ ಮತ್ತು ಅವರ ಮೂವರು ಸಹೋದ್ಯೋಗಿಗಳ ಪಾಲಾಯಿತು. ಅವರಲ್ಲೊಬ್ಬರು ಚಾರ್ಲ್ಸ್ ರೋಸನ್, 'ಶೇಕಿ' ಎಂಬ ಪ್ರಸಿದ್ಧ ರೋಬೋ ರೂಪುಗೊಂಡ ಕೃತಕ ಬುದ್ಧಿಮತ್ತೆ ಕೇಂದ್ರವನ್ನು ಕಟ್ಟಿದವರು. ವಾರಾಂತ್ಯದ ಹವ್ಯಾಸವಾಗಿದ್ದದ್ದು 1962ರಲ್ಲಿ ರಿಜ್ ವೈನ್ಯಾರ್ಡ್ಸ್ ಎಂಬ ಅಧಿಕೃತ ವೈನರಿಯಾಯಿತು. 1969ರಲ್ಲಿ ಸೇರಿದ ತತ್ತ್ವಶಾಸ್ತ್ರದ ಪದವೀಧರ ಪಾಲ್ ಡ್ರೇಪರ್ ಅದನ್ನು ಜಗತ್ಪ್ರಸಿದ್ಧಗೊಳಿಸಿದರು. ಪೆರೋನೆ ಕಟ್ಟಿಸಿದ ಕಟ್ಟಡದಲ್ಲಿ ಇಂದಿಗೂ ವೈನ್ ತಯಾರಾಗುತ್ತದೆ.

1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ ಸ್ಪರ್ಧೆಯಲ್ಲಿ, ಹೆಸರು ಮುಚ್ಚಿಟ್ಟು ರುಚಿ ನೋಡಿದಾಗ, 1971ರ ಮೊಂಟೆ ಬೆಲ್ಲೊ ಐದನೆಯದಾಯಿತು. ಗೆದ್ದದ್ದು ನಾಪಾದ ಸ್ಟ್ಯಾಗ್ಸ್ ಲೀಪ್. ಫ್ರೆಂಚ್ ವೈನುಗಳಂತೆ ಕ್ಯಾಲಿಫೋರ್ನಿಯದವು ಬಹುಕಾಲ ಬಾಳವು ಎಂಬ ಆಕ್ಷೇಪ ಆಗ ಎದ್ದಿತ್ತು. ಮೂವತ್ತು ವರ್ಷಗಳ ಬಳಿಕ, 2006ರಲ್ಲಿ, ಅವೇ ಕೆಂಪು ವೈನುಗಳನ್ನು ಮತ್ತೆ ಪರೀಕ್ಷಿಸಿದಾಗ ಮೊದಲ ಸ್ಥಾನ ಮೊಂಟೆ ಬೆಲ್ಲೊಗೆ ಬಂತು. ಅದೇ 1976ರ ಸ್ಪರ್ಧೆಯ ಬಿಳಿ ವೈನುಗಳಲ್ಲಿ ಕೊನೆಯ ಸ್ಥಾನ ಪಡೆದದ್ದು ಇದೇ ಬೆಟ್ಟಸಾಲಿನ ಡೇವಿಡ್ ಬ್ರೂಸ್ ವೈನರಿಯದು. ಬ್ರೂಸ್ ವೃತ್ತಿಯಿಂದ ಚರ್ಮರೋಗ ತಜ್ಞರು. ಮುಂದೆ ಪಿನೋ ನ್ವಾರ್ ಎಂಬ ಕೆಂಪು ತಳಿಯಿಂದ ಹೆಸರಾದರು. 1981ರಲ್ಲಿ ಸರ್ಕಾರ ಸಾಂತಾ ಕ್ರೂಜ್ ಬೆಟ್ಟಗಳನ್ನು ಪ್ರತ್ಯೇಕ ವೈನ್ ಪ್ರದೇಶವೆಂದು ಮಾನ್ಯಮಾಡಿತು. ಎತ್ತರವನ್ನು ಆಧರಿಸಿ ಗಡಿ ಗುರುತಿಸಿದ ಮೊದಲಿನವುಗಳಲ್ಲಿ ಇದೂ ಒಂದು.

ಇನ್ನು ಆ ಪ್ರಶ್ನೆ

1991ರ ನವೆಂಬರಿನಲ್ಲಿ '60 ಮಿನಿಟ್ಸ್' ಟಿವಿ ಕಾರ್ಯಕ್ರಮ 'ಫ್ರೆಂಚ್ ವಿರೋಧಾಭಾಸ'ವನ್ನು ಮನೆಮಾತು ಮಾಡಿತು. ಬೆಣ್ಣೆ, ಚೀಸ್ ತಿಂದರೂ ಫ್ರೆಂಚರಿಗೆ ಹೃದ್ರೋಗ ಕಡಿಮೆ, ಕಾರಣ ಕೆಂಪು ವೈನ್ ಇರಬಹುದು ಎಂಬುದು ಅದರ ಸಾರ. ಮಾರಾಟ ಜಿಗಿಯಿತು. ಆಗಿನ ಅಧ್ಯಯನಗಳಲ್ಲಿ ಒಂದು ದೋಷವಿತ್ತು. 'ಕುಡಿಯದವರ' ಪಟ್ಟಿಯಲ್ಲಿ ಕಾಯಿಲೆ ಬಿದ್ದು ಕುಡಿತ ಬಿಟ್ಟವರೂ ಸೇರಿದ್ದರು. ಮಿತವಾಗಿ ವೈನ್ ಕುಡಿಯುವವರು ಸಾಮಾನ್ಯವಾಗಿ ಹಣ, ವಿದ್ಯೆ, ವ್ಯಾಯಾಮಗಳಲ್ಲೂ ಮುಂದಿದ್ದರು. ಹೊಗಳಿಕೆಗೆ ಪಾತ್ರವಾದ ರೆಸ್ವೆರಟ್ರಾಲ್ ಒಂದು ಲೀಟರಿನಲ್ಲಿ ಕೆಲವೇ ಮಿಲಿಗ್ರಾಂ ಇರುತ್ತದೆ. ಇನ್ನೊಂದೆಡೆ, ಮದ್ಯ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ 1988ರಲ್ಲೇ ವರ್ಗೀಕರಿಸಿತ್ತು. ಯಾವ ಪ್ರಮಾಣವೂ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು.

ಮಧುಮೇಹ, ಹೃದ್ರೋಗಗಳು ಚಿಕ್ಕ ವಯಸ್ಸಿಗೇ ಕಾಡುವ ನಮ್ಮ ಜನಕ್ಕೆ ಇದು ಮುಖ್ಯ. ಮಾತ್ರೆ ಬಿಟ್ಟು ಲೋಟ ಹಿಡಿಯಲು ವೈನ್ ನೆಪವಾಗಬಾರದು. ಹಾಗೆಂದು ಈ ಬೆಟ್ಟದ ಶ್ರಮವನ್ನು ಕೀಳಾಗಿ ಕಾಣಬೇಕಿಲ್ಲ. ನಮ್ಮ ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲೂ ಕನ್ವಲ್ ಗ್ರೋವರ್ ಫ್ರೆಂಚ್ ತಜ್ಞರ ನೆರವಿನಿಂದ ಕ್ಯಾಬರ್ನೆ ಬೆಳೆಸಿದರು. ಬಳ್ಳಿ ಅಲ್ಲೂ ರೈತನ ಬೆವರನ್ನೇ ಬೇಡುತ್ತದೆ. ಕುಡಿಯುವವರು ರುಚಿಗೆಂದು ಸ್ವಲ್ಪ ಕುಡಿಯಲಿ, ಔಷಧವೆಂದು ಬೇಡ. ಕುಡಿಯದವರು ಆರೋಗ್ಯದ ಹೆಸರಿನಲ್ಲಿ ಶುರುಮಾಡುವುದಂತೂ ಬೇಡವೇ ಬೇಡ. ಬೆಟ್ಟ ಹತ್ತಿ ಬಳ್ಳಿಗಳ ನಡುವೆ ನಿಂತು ಕಣಿವೆ ನೋಡುವುದಕ್ಕೆ ಲೋಟದ ಅಗತ್ಯವಿಲ್ಲ. ಆ ಏರುಹಾದಿಯ ನಡಿಗೆ ಹೃದಯಕ್ಕೆ ಒಳ್ಳೆಯದೆಂದು ಮಾತ್ರ ನಾನು ಧೈರ್ಯವಾಗಿ ಬರೆದುಕೊಡಬಲ್ಲೆ.